ಜಕಣಾಚಾರಿಯ ಐತಿಹ್ಯವೂ ಶಿಲ್ಪವಿಮರ್ಶೆಯೂ

ತುಮಕೂರು ಸೀಮೆಯ ಜನರು ತಮ್ಮ ಊರಿನ ಹೆಸರಿಗೆ ಕಾರಣವನ್ನು ವ್ಯಾಕರಣದಲ್ಲಿ ಹುಡುಕುವುದಕ್ಕಿಂತ ಕಥೆಯಲ್ಲಿ ಹುಡುಕುವುದೇ ಹೆಚ್ಚು. ಶಿವನು ಕುಣಿದ ಕಲ್ಲು ಕುಣಿಗಲ್ಲಾಯಿತು. ಪುರಾಣಶ್ರವಣಕ್ಕೆಂದು ದಿನವೂ ತಪ್ಪದೆ ಬಂದು ಕುಳಿತು, ಪುರಾಣವು ಮಂಗಳವಾದ ದಿನವೇ ಪ್ರಾಣಬಿಟ್ಟ ಎರಡು ಪಕ್ಷಿಗಳಿಂದ ಗುಬ್ಬಿಗೆ ಹೆಸರು ಬಂದಿತು. ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ ಗೂಳೂರಿನ ಬಳಿಯಿರುವ ಕೈದಾಳವು ಒಬ್ಬ ಶಿಲ್ಪಿಯ ಕೈಯಿಂದ ಹೆಸರು ಪಡೆಯಿತೆಂಬುದೂ ಇದೇ ಜಾತಿಯ ಕಥೆ. ಮೊದಲಿನ ಎರಡು ಕಥೆಗಳು ಆಯಾ ಊರಿನ ಎಲ್ಲೆಯನ್ನು ಹೆಚ್ಚಾಗಿ ದಾಟಲಿಲ್ಲ. ಮೂರನೆಯದು ಮಾತ್ರ ಕನ್ನಡ ನಾಡನ್ನೆಲ್ಲ ವ್ಯಾಪಿಸಿ, ನೆರೆಯ ಆಂಧ್ರವನ್ನೂ ಹೊಕ್ಕು, ೧೯೬೪ರಲ್ಲಿ ಬಿ. ಎಸ್. ರಂಗಾ ಅವರ ವರ್ಣಚಿತ್ರವಾಗಿ ತೆರೆಯ ಮೇಲೆಯೂ ಮೆರೆಯಿತು. ಶಿಲ್ಪಿಗಳಿಗೆ ಸರ್ಕಾರವು ಕೊಡುವ ಪ್ರಶಸ್ತಿಯು ಇಂದು ಜಕಣಾಚಾರಿಯ ಹೆಸರಿನಲ್ಲಿಯೇ ಇದೆ. ಇಷ್ಟು ಬಲವುಳ್ಳ ಐತಿಹ್ಯವನ್ನು ಚರಿತ್ರಕಾರರು ಅಸತ್ಯವೆಂದು ಬದಿಗಿಟ್ಟರು. ಭಕ್ತರು ಸತ್ಯವೆಂದು ಅಪ್ಪಿಕೊಂಡರು. ಅದರಲ್ಲಿ ಅಡಗಿರುವ ವಿಮರ್ಶೆಯನ್ನು ಇಬ್ಬರೂ ವಿಚಾರಿಸಿದಂತೆ ತೋರುವುದಿಲ್ಲ.

ಕಥೆಯು ಸರ್ವವಿದಿತವಾದರೂ ಅದರ ಮುಖ್ಯಾಂಶಗಳನ್ನು ನೆನಪಿಗೆ ತಂದುಕೊಳ್ಳುವುದು ಅವಶ್ಯಕ. ಕ್ರೀಡಾಪುರದಲ್ಲಿ ಹುಟ್ಟಿದ ಜಕಣನು ಹೆಂಡತಿಯನ್ನು ಬಿಟ್ಟು ದೇಶಾಂತರ ಹೊರಟು, ರಾಜಾಶ್ರಯವನ್ನು ಪಡೆದು, ಶಿಲ್ಪಕಾರ್ಯದಲ್ಲಿ ಮುಳುಗಿ ಮನೆಯನ್ನೇ ಮರೆತನು. ಅವನು ಹೊರಟ ಮೇಲೆ ಹುಟ್ಟಿದ ಮಗನು ಡಂಕಣ. ಇವನೂ ಶಿಲ್ಪವನ್ನು ಕಲಿತು, ತಂದೆಯನ್ನು ಹುಡುಕುತ್ತ ಬೇಲೂರಿಗೆ ಬಂದನು. ಅಲ್ಲಿ ಪ್ರತಿಷ್ಠೆಗೆ ಸಿದ್ಧವಾಗಿದ್ದ ಚೆನ್ನಕೇಶವನ ವಿಗ್ರಹವನ್ನು ನೋಡಿ, ಇದರಲ್ಲಿ ದೋಷವಿದೆಯೆಂದನು. ದೋಷವನ್ನು ತೋರಿಸಿದರೆ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಜಕಣನು ಪಣ ತೊಟ್ಟನು. ವಿಗ್ರಹಕ್ಕೆಲ್ಲ ಗಂಧವನ್ನು ಬಳಿದರು. ಎಲ್ಲ ಕಡೆಯೂ ಗಂಧವು ಒಣಗಿತು. ಹೊಕ್ಕುಳಿನ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯನ್ನು ತಾಗಿಸಲು ಕಲ್ಲಿನ ಪೊಟರೆಯಿಂದ ನೀರೂ ಮರಳೂ ಒಂದು ಕಪ್ಪೆಯೂ ಹೊರಬಿದ್ದವು. ಜಕಣನು ಆಡಿದ ಮಾತನ್ನು ನಡೆಸಿದನು. ಅನಂತರವೇ ತಂದೆಮಕ್ಕಳಿಗೆ ಪರಸ್ಪರ ಗುರುತು ಸಿಕ್ಕಿತು. ದೇವರ ಆಜ್ಞೆಯಂತೆ ಅವನು ಹುಟ್ಟೂರಿಗೆ ಮರಳಿ ಅಲ್ಲಿ ಕೇಶವನ ಗುಡಿಯನ್ನು ಮಾಡಲು, ಕಳೆದ ಕೈಯು ಮತ್ತೆ ಮೂಡಿತು, ಕ್ರೀಡಾಪುರವು ಕೈದಾಳವಾಯಿತು.

ಇದನ್ನು ಚರಿತ್ರೆಯ ಒರೆಗಲ್ಲಿಗೆ ಹಚ್ಚಿದರೆ ಬಹಳ ಹೊತ್ತು ನಿಲ್ಲುವುದಿಲ್ಲ. ಬೇಲೂರಿನಲ್ಲಿ ವಿಷ್ಣುವರ್ಧನನ ಪ್ರತಿಷ್ಠೆಯು ನಡೆದುದು ಕ್ರಿ. ಶ. ೧೧೧೭ರಲ್ಲಿ. ಸೋಮನಾಥಪುರದ ಕೇಶವಾಲಯವು ೧೨೬೮ಕ್ಕೆ ಸೇರಿದುದು. ಎರಡಕ್ಕೂ ನಡುವೆ ೧೫೧ ವರ್ಷಗಳ ಅಂತರವಿದೆ. ಎರಡನ್ನೂ, ಇವುಗಳ ನಡುವಣ ನೂರಾರು ಗುಡಿಗಳನ್ನೂ, ಇವುಗಳಿಗಿಂತ ಹಿಂದಿನ ಚಾಲುಕ್ಯರ ಕೆಲಸಗಳನ್ನೂ ಜನರು ಒಬ್ಬ ಜಕಣಾಚಾರಿಗೇ ಒಪ್ಪಿಸಿರುವರು. ಕೈದಾಳದ ಶಾಸನವಾದರೋ ೧೧೫೦ರ ಸುಮಾರಿನದು. ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನಸಂಪುಟದಲ್ಲಿ ಅದು ಬೆಳಕಿಗೆ ಬಂದಿತು. ಹೊಯ್ಸಳ ಒಂದನೆಯ ನರಸಿಂಹನ ಸಾಮಂತನಾದ ಗುಳಿ ಬಾಚಿಯು ಅಲ್ಲಿ ಶಿವನಿಗೂ ವಿಷ್ಣುವಿಗೂ ಜಿನನಿಗೂ ಆಲಯಗಳನ್ನು ಎತ್ತಿಸಿದನೆಂಬುದು ಅದರ ಸಾರ. ಕಟ್ಟಿಸಿದವನ ಹೆಸರುಂಟು, ಕಡೆದವನ ಹೆಸರಿಲ್ಲ. ಊರನ್ನು ಆಗಲೇ ಕಯ್ದಾಳವೆಂದು ಕರೆದಿದೆಯೇ ಹೊರತು, ಅದು ಯಾರ ಕೈಯಿಂದ ಬಂದ ಹೆಸರೆಂದು ಹೇಳುವ ಗೋಜಿಗೆ ಶಾಸನಕವಿಯು ಹೋಗಿಲ್ಲ. ಒಬ್ಬನೇ ಒಡೆಯನು ಮೂರು ಮತಗಳ ದೇವರಿಗೆ ಮನೆ ಮಾಡಿದನೆಂಬ ಈ ಸಂಗತಿಯು ಐತಿಹ್ಯದಷ್ಟೇ ನೆನಪಿಗೆ ಯೋಗ್ಯವಾಗಿತ್ತು. ಆದರೆ ಜನರ ನೆನಪು ಆರಿಸಿಕೊಂಡುದು ಒಡೆಯನನ್ನಲ್ಲ, ಕೆಲಸಗಾರನನ್ನು. ಇದು ಸಣ್ಣ ಮಾತಲ್ಲ.

ಹೊಯ್ಸಳ ರೂವಾರಿಗಳು ಹೆಸರಿಗೆ ನಾಚಿದವರೂ ಅಲ್ಲ. ಭಾರತೀಯ ಶಿಲ್ಪಿಯು ತನ್ನನ್ನು ಅಳಿಸಿಕೊಂಡು ದೇವರಿಗೆ ಕೃತಿಯನ್ನು ಅರ್ಪಿಸಿದನೆಂದು ವೇದಿಕೆಗಳ ಮೇಲೆ ಹೇಳುವುದು ವಾಡಿಕೆಯಾಗಿದೆ. ಹಾಗೆ ಹೇಳುವವರು ಬೇಲೂರಿನ ಮದನಿಕೆಗಳ ಪೀಠಗಳನ್ನು ಒಮ್ಮೆ ಓದಿದ್ದರೆ ಚೆನ್ನಾಗಿತ್ತು. ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು ೧೯೧೯ರಲ್ಲಿ ಬೇಲೂರನ್ನು ಕುರಿತು ಬರೆದ ಪುಸ್ತಕದಲ್ಲಿ ಈ ರುಜುಗಳನ್ನು ಎತ್ತಿಕೊಟ್ಟಿರುವರು. ಅಲ್ಲಿ ಹೆಸರುಂಟು, ಊರುಂಟು, ತಂದೆಯ ಹೆಸರುಂಟು. ಎದುರಾಳಿ ಶಿಲ್ಪಿಗಳನ್ನು ಹೀಯಾಳಿಸುವ ಬಿರುದುಗಳೂ ಉಂಟು. ನುಗ್ಗೆಹಳ್ಳಿಯಲ್ಲಿ ೧೨೪೬ರಲ್ಲಿ ಬೈಚೋಜನೂ ಮಲ್ಲಿತಮ್ಮನೂ ಗುಡಿಯ ಎರಡು ಪಾರ್ಶ್ವಗಳನ್ನು ಹಂಚಿಕೊಂಡು ದುಡಿದರು. ಅದೇ ಮಲ್ಲಿತಮ್ಮನು ಸೋಮನಾಥಪುರದ ಗೋಡೆಯ ಮೇಲೆಯೂ ಮತ್ತೆ ಮತ್ತೆ ಹೆಸರನ್ನು ಕಂಡರಿಸಿದನು. ಇಷ್ಟು ರುಜುಗಳ ನಡುವೆ ಜಕಣಾಚಾರಿಯ ರುಜು ಬೇಲೂರಿನಲ್ಲಿಯೂ ಸೋಮನಾಥಪುರದಲ್ಲಿಯೂ ಇಲ್ಲ. ಜಕಣಾಚಾರಿಯೆಂಬುದು ದಕ್ಷಿಣಾಚಾರ್ಯವೆಂಬುದರ ತದ್ಭವವಾಗಿರಬಹುದು, ಅದು ವ್ಯಕ್ತಿನಾಮವಲ್ಲ, ತೆಂಕಣ ಶಿಲ್ಪಿಗಳ ವರ್ಗಕ್ಕೇ ಸಲ್ಲುವ ಹೆಸರು ಎಂಬ ಊಹೆಯೂ ಬಂದಿದೆ. ಊಹೆಯು ಜಾಣತನದ್ದು, ಸಿದ್ಧವಾಗಿದೆಯೆನ್ನಲಾಗದು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬೇಲೂರಿನಲ್ಲಿ ತಂದೆಮಕ್ಕಳಿಬ್ಬರು ಶಿಲ್ಪಿಗಳು ದುಡಿದರೆಂದು ಐತಿಹ್ಯವು ಹೇಳುತ್ತದೆ. ಶಿಲೆಯೂ ಅದನ್ನೇ ಹೇಳುತ್ತದೆ. ಹೆಸರುಗಳು ಮಾತ್ರ ಬೇರೆ. ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ಮದನಿಕೆಗಳ ಕೆಳಗೆ ತಮ್ಮ ಸಂಬಂಧವನ್ನು ಬಿಚ್ಚಿ ಬರೆದುಕೊಂಡಿರುವರು. ಒಂದೇ ಗುಡಿಯಲ್ಲಿ, ಒಂದೇ ಸೂರಿನಂಚಿನ ಕೆಳಗೆ, ತಂದೆಯ ಮದನಿಕೆಗಳೂ ಮಗನ ಮದನಿಕೆಗಳೂ ಕೂಡಿ ನಿಂತಿವೆ. ನೋಡುವವರು ಹೋಲಿಸದೆ ಇರಲಾರರು. ಇಂಥ ಹೋಲಿಕೆಯೇ ಕಾಲಾಂತರದಲ್ಲಿ ಪಣವಾಗಿ, ಪಣವೇ ಕಥೆಯಾಗಿ ಬೆಳೆಯಿತೆಂದು ಸಾಧಿಸಲು ಆಧಾರವಿಲ್ಲ. ಆದರೂ ಜನರ ಕಲ್ಪನೆಯು ಬರಿಯ ಗಾಳಿಯಲ್ಲಿ ಕಟ್ಟಿದುದಲ್ಲವೆಂಬುದಕ್ಕೆ ಇದು ಸಾಕ್ಷಿ. ಬಳ್ಳಿಗಾವೆಯವರ ಕೀರ್ತಿಯು ಕೈದಾಳದವರ ಪಾಲಾಯಿತೆಂದು ಶಿವಮೊಗ್ಗೆಯವರು ಬೇಸರಪಟ್ಟರೆ ಅದಕ್ಕೂ ನ್ಯಾಯವುಂಟು.

ಚರಿತ್ರೆಯ ವಿಚಾರಣೆಯನ್ನು ಇಲ್ಲಿಗೆ ಮುಗಿಸಿ, ಕಥೆಯನ್ನು ಕಥೆಯಾಗಿಯೇ ಓದಿದರೆ ಬೇರೊಂದು ವಿಷಯವು ಕಾಣುತ್ತದೆ. ಡಂಕಣನು ಹೇಳಿದುದು ಯಾವ ದೋಷವನ್ನು? ವಿಗ್ರಹದ ಮುಖವು ಚೆನ್ನಾಗಿಲ್ಲವೆಂದಾಗಲಿ, ಅಂಗಾಂಗಗಳು ತಾಲಮಾನಕ್ಕೆ ಹೊಂದುವುದಿಲ್ಲವೆಂದಾಗಲಿ ಅವನು ಹೇಳಲಿಲ್ಲ. ತಂದೆಯ ಕೆಲಸದಲ್ಲಿ ತಪ್ಪೇ ಇರಲಿಲ್ಲ. ತಪ್ಪಿದ್ದುದು ಆ ಕೆಲಸಕ್ಕೆ ಆರಿಸಿದ ಕಲ್ಲಿನಲ್ಲಿ. ಕೃತಿಯ ಸೌಂದರ್ಯವೂ ಅದು ಯಾವ ಉದ್ದೇಶಕ್ಕಾಗಿ ಹುಟ್ಟಿತೋ ಅದಕ್ಕೆ ತಕ್ಕುದಾಗಿರುವಿಕೆಯೂ ಬೇರೆ ಬೇರೆಯೆಂಬ ಸೂಕ್ಷ್ಮವಿವೇಕವು ಈ ಹಳ್ಳಿಯ ಕಥೆಯಲ್ಲಿದೆ. ನೋಡುವ ಕಣ್ಣಿಗೆ ಪರಿಪೂರ್ಣವಾದ ವಿಗ್ರಹವು ಪೂಜೆಗೆ ಅನರ್ಹವಾಗಬಹುದು. ಒಳಗೆ ಪೊಳ್ಳಾದುದರ ಹೊರಮೈಯನ್ನು ಎಷ್ಟು ತಿದ್ದಿದರೂ ಅದು ಪೊಳ್ಳೇ. ಕಾವ್ಯವಿಚಾರದಲ್ಲಿ ಆಲಂಕಾರಿಕರು ಶಬ್ದಗತ ದೋಷ, ಅರ್ಥಗತ ದೋಷ, ರಸಗತ ದೋಷವೆಂದು ವಿಂಗಡಿಸುವುದನ್ನು ಬಲ್ಲವರಿಗೆ ಡಂಕಣನ ಆಕ್ಷೇಪಣೆಯು ಯಾವ ಮಟ್ಟದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಡಂಕಣನು ದೋಷವನ್ನು ತೋರಿಸಿದ ರೀತಿಯು ಇನ್ನೂ ಗಮನಾರ್ಹವಾದುದು. ಅವನು ವಾದಿಸಲಿಲ್ಲ, ಪರೀಕ್ಷಿಸಿದನು. ಶಿಲ್ಪಶಾಸ್ತ್ರಗಳ ಶಿಲಾಪರೀಕ್ಷೆಯ ಪ್ರಕರಣಗಳಲ್ಲಿ, ವಿಗ್ರಹಕ್ಕೆಂದು ಆರಿಸಿದ ಕಲ್ಲಿಗೆ ಲೇಪವನ್ನು ಬಳಿದು, ಅದರಲ್ಲಿ ಮೂಡುವ ಮಂಡಲಗಳ ಬಣ್ಣದಿಂದ ಒಳಗೆ ಕಪ್ಪೆಯೇ ಹಲ್ಲಿಯೇ ಹಾವೇ ಎಂದು ಊಹಿಸಿ, ಅಂಥ ಗರ್ಭವುಳ್ಳ ಶಿಲೆಯನ್ನು ಬಿಡಬೇಕೆಂದು ವಿಧಿಸಿದೆ. ಕಲ್ಲಿನೊಳಗೆ ಕಪ್ಪೆಯು ಬದುಕಿರುವುದು ಪ್ರಕೃತಿಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಆದರೆ ಒಳಗೆ ಬಿರುಕೋ ತೇವವೋ ಇರುವ ಕಲ್ಲು ಹೊರಗಿನ ಲೇಪವನ್ನು ಸಮನಾಗಿ ಒಣಗಗೊಡದೆಂಬುದು ಕುಶಲಿಗಳ ಅನುಭವಕ್ಕೆ ಹೊರತಾದುದೂ ಅಲ್ಲ. ಜನರು ಮೋಜಿಗಾಗಿ ಸೇರಿಸಿದರೆಂದು ತೋರುವ ಗಂಧದ ಪ್ರಸಂಗವು ಹೀಗೆ ಶಾಸ್ತ್ರದ ವಿಧಿಯನ್ನೇ ಕಥೆಯ ರೂಪದಲ್ಲಿ ಉಳಿಸಿಕೊಂಡಿದೆ. ಒಂದೇ ವ್ಯತ್ಯಾಸವೆಂದರೆ, ಶಾಸ್ತ್ರದಲ್ಲಿ ಪರೀಕ್ಷೆಯು ಉಳಿಯನ್ನು ಹಿಡಿಯುವ ಮುನ್ನ ಬರುತ್ತದೆ. ಕಥೆಯಲ್ಲಿ ಕೆಲಸವೆಲ್ಲ ಮುಗಿದ ಮೇಲೆ ಬರುತ್ತದೆ. ಪ್ರಖ್ಯಾತನಾದ ಆಚಾರ್ಯನು ಮೊದಲ ಪಾಠವನ್ನೇ ಬಿಟ್ಟಿದ್ದನು, ನಿನ್ನೆ ಮೊನ್ನೆ ಕಲಿತ ಹುಡುಗನು ಅದನ್ನು ಮರೆತಿರಲಿಲ್ಲ; ಕಥೆಯ ಚುಚ್ಚು ಇಲ್ಲಿದೆ. ಬೇಲೂರಿನ ಪ್ರಾಕಾರದೊಳಗೆ ಶಾಂತಲೆಯು ಕಟ್ಟಿಸಿದ ಗುಡಿಯ ದೇವರನ್ನು ಜನರು ಇಂದಿಗೂ ಕಪ್ಪೆ ಚೆನ್ನಿಗರಾಯನೆಂದು ಕರೆದು, ಹೊಕ್ಕುಳಿನ ಬಳಿಯ ಕುಳಿಯನ್ನು ತೋರಿಸುವರು.

ಮೇಲಿಗೂ ಕಿರಿಯನಿಗೂ ನಡೆಯುವ ಈ ಸ್ಪರ್ಧೆಯು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಗ್ರೀಕರ ಡೈಡಲಸನು ತನ್ನನ್ನು ಮೀರಿಸುವನೆಂಬ ಅಸೂಯೆಯಿಂದ ಸೋದರಿಯ ಮಗನನ್ನು ಅಥೆನ್ಸಿನ ದುರ್ಗದ ಮೇಲಿಂದ ನೂಕಿದನು. ಕೇರಳದ ಪೆರುಂತಚ್ಚನ ಕೈಯಿಂದ ಉಳಿಯು ಜಾರಿ ಮಗನ ಕೊರಳಿಗೆ ಬಿತ್ತು. ಜಾರಿತೋ ಜಾರಿಸಿದನೋ ಎಂಬುದನ್ನು ಮಲೆಯಾಳದ ಕಥೆಗಾರರು ಇತ್ಯರ್ಥ ಮಾಡಿಲ್ಲ. ಕೋನಾರ್ಕದಲ್ಲಿ, ಹಿರಿಯರಿಂದಾಗದ ಶಿಖರಕಾರ್ಯವನ್ನು ಮುಗಿಸಿದ ೧೨ ವರ್ಷದ ಧರ್ಮಪದನು ತಂದೆಯ ಹಾಗೂ ಇತರ ಶಿಲ್ಪಿಗಳ ಮಾನವನ್ನು ಉಳಿಸಲು ತಾನೇ ಸಮುದ್ರಕ್ಕೆ ಬಿದ್ದನು. ಈ ಮೂರರಲ್ಲಿಯೂ ಗೆದ್ದವನು ಕಿರಿಯನು, ಸತ್ತವನೂ ಕಿರಿಯನೇ. ಕೈದಾಳದ ಕಥೆಯಲ್ಲಿ ಮಾತ್ರ ಬೆಲೆಯನ್ನು ತೆತ್ತವನು ಹಿರಿಯನು. ಅದೂ ಯಾರ ಬಲಾತ್ಕಾರವೂ ಇಲ್ಲದೆ, ತನ್ನ ಕೈಯಿಂದಲೇ. ಯಾರೂ ಸಾಯುವುದಿಲ್ಲ. ಗುರುತಿಲ್ಲದ ತಂದೆಮಕ್ಕಳು ಎದುರಾಗಿ, ಕೇಡಾದ ಮೇಲೆ ಗುರುತು ಸಿಕ್ಕಿ, ದೈವಾನುಗ್ರಹದಿಂದ ಕೇಡು ಸರಿಯಾಗುವ ಈ ಕ್ರಮವು ಲಕ್ಷ್ಮೀಶನ ಜೈಮಿನಿ ಭಾರತದ ಬಭ್ರುವಾಹನ ಪ್ರಸಂಗವನ್ನು ಊರೂರಿನಲ್ಲಿ ಕೇಳಿ ಬೆಳೆದ ಜನರಿಗೆ ಹೊಸದಾಗಿರಲಾರದು. ಅಲ್ಲಿ ಅರ್ಜುನನ ತಲೆ ಹೋಗಿ ಬರುತ್ತದೆ; ಇಲ್ಲಿ ಜಕಣನ ಕೈ ಹೋಗಿ ಬರುತ್ತದೆ. ಆದರೆ ಅರ್ಜುನನು ಸೋತುದು ಯುದ್ಧದಲ್ಲಿ. ಜಕಣನು ಸೋತುದು ವಿಮರ್ಶೆಗೆ, ಸೋಲನ್ನು ಒಪ್ಪಿಕೊಂಡನು. ವಿಮರ್ಶಕನನ್ನು ಕೊಲ್ಲದೆ, ಅಟ್ಟದೆ, ಅವನ ಮಾತು ನಿಜವೆಂದು ಕಂಡೊಡನೆ ತಲೆಬಾಗುವ ಕಲಾವಿದನ ಚಿತ್ರವು ಕನ್ನಡದ ಬರೆಹದ ಸಾಹಿತ್ಯದಲ್ಲಿಯೂ ವಿರಳ.

ಹಾಗಾದರೆ ಶಿಕ್ಷೆಯು ಕೈಗೇ ಏಕೆ? ತಪ್ಪಿದುದು ಕಣ್ಣಲ್ಲವೆ? ಕಲ್ಲನ್ನು ಆರಿಸುವುದು ಕಣ್ಣಿನ ಕೆಲಸ. ಕಡೆಯುವುದು ಕೈಯ ಕೆಲಸ. ಕಥೆಯ ತರ್ಕದಲ್ಲಿ ಇದೊಂದು ಬಿರುಕೆಂದು ತೋರಬಹುದು. ಆದರೆ ವಿಷ್ಣುವಿಗ್ರಹದಲ್ಲಿ ಕೈಗಿರುವ ಸ್ಥಾನವನ್ನು ನೆನೆದರೆ ಕೈಯನ್ನು ಆರಿಸಿದುದರ ಔಚಿತ್ಯವು ಹೊಳೆಯುತ್ತದೆ. ಶಂಖ, ಚಕ್ರ, ಗದೆ, ಪದ್ಮವೆಂಬ ನಾಲ್ಕು ಲಾಂಛನಗಳನ್ನು ನಾಲ್ಕು ಕೈಗಳಲ್ಲಿ ಬದಲಿಸಿ ಬದಲಿಸಿ ಇಟ್ಟರೆ ೨೪ ಕ್ರಮಗಳಾಗುತ್ತವೆ. ಆ ೨೪ಕ್ಕೂ ಕೇಶವ, ನಾರಾಯಣ, ಮಾಧವ ಮೊದಲಾದ ೨೪ ಹೆಸರುಗಳಿವೆ. ಲಕ್ಷಣಗ್ರಂಥಗಳ ಪ್ರಕಾರ ಕೆಳಗಿನ ಬಲಗೈಯಲ್ಲಿ ಪದ್ಮ, ಮೇಲಿನ ಬಲಗೈಯಲ್ಲಿ ಶಂಖ, ಮೇಲಿನ ಎಡಗೈಯಲ್ಲಿ ಚಕ್ರ, ಕೆಳಗಿನ ಎಡಗೈಯಲ್ಲಿ ಗದೆಯಿದ್ದರೆ ಕೇಶವನು. ಮುಖವನ್ನು ನೋಡಿ ಕೇಶವನೋ ಮಾಧವನೋ ಎಂದು ಹೇಳಲು ಸಾಧ್ಯವಿಲ್ಲ. ನಿಲುವನ್ನು ನೋಡಿಯೂ ಆಗದು. ಕೈಯೊಂದೇ ಹೆಸರನ್ನು ಹೇಳಬಲ್ಲುದು. ಈ ಮೂರ್ತಿಯ ವ್ಯಾಕರಣವೆಲ್ಲ ಕೈಯಲ್ಲಿದೆ. ಕೈ ಮುರಿದ ವಿಷ್ಣುವು ವಿಷ್ಣುವಾಗಿ ಉಳಿಯಬಹುದೇ ಹೊರತು ಕೇಶವನಾಗಿ ಉಳಿಯುವುದಿಲ್ಲ. ಭಿನ್ನವಾಯಿತೆಂದು ಪೂಜೆಯೂ ನಿಲ್ಲುತ್ತದೆ.

ಯುರೋಪಿನ ಪ್ರಾಚೀನ ಶಿಲ್ಪಗಳ ವಸ್ತುಸಂಗ್ರಹಾಲಯಗಳಿಗೆ ಹೋದರೆ ಇದಕ್ಕೆ ನೇರ ವಿರೋಧವಾದ ನೋಟವು ಎದುರಾಗುತ್ತದೆ. ಪ್ಯಾರಿಸಿನ ಲೂವ್ರ್‌ನಲ್ಲಿರುವ ಮೀಲೋಸ್ ದ್ವೀಪದ ವೀನಸ್ಸಿಗೆ ತೋಳುಗಳಿಲ್ಲ. ೧೮೨೦ರಲ್ಲಿ ಅದು ದೊರೆತಂದಿನಿಂದ ಆ ಕೈಗಳಲ್ಲಿ ಏನಿತ್ತೆಂದು ವಿದ್ವಾಂಸರು ಚರ್ಚಿಸುತ್ತಲೇ ಬಂದರು, ಹಣ್ಣೆಂದರು, ಗುರಾಣಿಯೆಂದರು. ನೋಡಲು ಬಂದ ಲಕ್ಷಾಂತರ ಜನರಿಗೆ ಅದರ ಚಿಂತೆಯೇ ಆಗಲಿಲ್ಲ. ತೋಳಿಲ್ಲದಿರುವುದೇ ಒಂದು ಸೊಬಗೆಂದು ಹೇಳುವವರೂ ಹುಟ್ಟಿಕೊಂಡರು. ದೇವತೆಯು ಪೂಜೆಯಿಂದ ಬಿಡುಗಡೆ ಹೊಂದಿ ಬರಿಯ ರೂಪವಾದ ಮೇಲೆ ಭಿನ್ನತೆಯು ದೋಷವಾಗಿ ಉಳಿಯುವುದಿಲ್ಲ. ಡಂಕಣನ ಪರೀಕ್ಷೆಗೆ ಅಲ್ಲಿ ಅವಕಾಶವೇ ಇಲ್ಲ. ಆ ಅಮೃತಶಿಲೆಯೊಳಗೆ ಹತ್ತು ಕಪ್ಪೆಗಳಿದ್ದರೂ ಯಾರೂ ಗಂಧವನ್ನು ಬಳಿಯಲಾರರು.

ಇದೇ ವೀನಸ್ಸಿನ ಇತಿಹಾಸದಲ್ಲಿ ಕೃತಿಕಾರನ ಹೆಸರಿಗೆ ಸಂಬಂಧಿಸಿದ ಒಂದು ಪ್ರಸಂಗವು ಕೈದಾಳದ ಪ್ರಶ್ನೆಗೆ ತೀರ ಹತ್ತಿರವಾದುದು. ವಿಗ್ರಹದೊಡನೆ ಸಿಕ್ಕಿದ ಪೀಠದ ತುಂಡೊಂದರಲ್ಲಿ, ಮಿಯಾಂಡರ್ ನದಿಯ ತೀರದ ಆಂಟಿಯೋಕಿನವನಾದ ಶಿಲ್ಪಿಯೊಬ್ಬನ ಹೆಸರಿತ್ತು; ಆದಿಯ ಅಕ್ಷರಗಳು ಒಡೆದು ಹೋಗಿದ್ದರೂ ಅಲೆಕ್ಸಾಂಡ್ರೋಸ್ ಎಂದು ಪೂರಣ ಮಾಡುವರು. ಅದು ಪ್ರಸಿದ್ಧನ ಹೆಸರಲ್ಲ. ಪ್ರಾಕ್ಸಿಟಲೀಸನಂಥ ಮಹಾಶಿಲ್ಪಿಯ ಕಾಲದ ಕೃತಿಯು ದೊರೆಯಿತೆಂದು ಹಿಗ್ಗಿದವರಿಗೆ ಅದು ಪಥ್ಯವಾಗಲಿಲ್ಲ. ೧೮೨೧ರಲ್ಲಿ ಆ ತುಂಡಿನ ಚಿತ್ರವನ್ನು ಬರೆದುಕೊಂಡಿದ್ದರು. ಅನಂತರ ತುಂಡೇ ಕಾಣದಾಯಿತು. ಅಲ್ಲಿ ಇದ್ದ ಹೆಸರು ಹೋಯಿತು, ಇಲ್ಲಿ ಇಲ್ಲದ ಹೆಸರು ಬಂದಿತು. ಹಿಂದಿನ ಆಸೆ ಎರಡೂ ಕಡೆ ಒಂದೇ. ದೊಡ್ಡ ಕೃತಿಗೆ ದೊಡ್ಡ ಹೆಸರೇ ಬೇಕೆಂಬ ಹಂಬಲಕ್ಕೆ ಪಂಡಿತರೂ ಪಾಮರರೂ ಒಂದೇ ಸಮನಾಗಿ ವಶರಾದರು. ಜಕಣಾಚಾರಿಯನ್ನು ಸೃಷ್ಟಿಸಿದುದಕ್ಕಾಗಿ ಹಳ್ಳಿಯವರನ್ನು ನಗುವವರು ಈ ಸಂಗತಿಯನ್ನು ನೆನಪಿಡುವುದು ಒಳ್ಳೆಯದು. ಪಾಲಿಕ್ಲೈಟಸನ ಭಲ್ಲೆಧಾರಿಯೆಂದು ಪಠ್ಯಪುಸ್ತಕಗಳೆಲ್ಲ ಕೊಂಡಾಡುವ ವಿಗ್ರಹವೂ ಅವನ ಕೈಯದಲ್ಲ. ಅವನು ಎರೆದ ಕಂಚು ಎಂದೋ ಕರಗಿಹೋಯಿತು. ಪಾಂಪೆಯಿಯಲ್ಲಿ ದೊರೆತು ಈಗ ನೇಪಲ್ಸಿನಲ್ಲಿರುವುದು ರೋಮನರ ಕಾಲದ ಅಮೃತಶಿಲೆಯ ಪ್ರತಿ. ಅದನ್ನು ಕಡೆದವನ ಹೆಸರನ್ನು ಕೇಳುವವರಿಲ್ಲ.

ಕೈಯ ವಿಚಾರಕ್ಕೆ ಮರಳಿದರೆ, ವ್ಯಾಟಿಕನ್ ಸಂಗ್ರಹದ ಲವೊಕೂನನ ವೃತ್ತಾಂತವನ್ನು ಬಿಡುವಂತಿಲ್ಲ. ಲೆಸ್ಸಿಂಗನು ೧೭೬೬ರಲ್ಲಿ ಕಾವ್ಯಕ್ಕೂ ಚಿತ್ರಶಿಲ್ಪಗಳಿಗೂ ಇರುವ ಎಲ್ಲೆಯನ್ನು ವಿಚಾರಿಸಲು ಇದನ್ನೇ ನೆಪ ಮಾಡಿಕೊಂಡುದರಿಂದ ಸಾಹಿತ್ಯದ ಅಧ್ಯಾಪಕರಿಗೆ ಇದು ಪರಿಚಿತ. ತಂದೆಯೂ ಇಬ್ಬರು ಮಕ್ಕಳೂ ಸರ್ಪಗಳಿಗೆ ಸಿಕ್ಕಿ ಹೆಣಗುವ ಈ ಶಿಲ್ಪವು ೧೫೦೬ರಲ್ಲಿ ರೋಮಿನಲ್ಲಿ ಮಣ್ಣಿನಿಂದ ಹೊರಬಂದಾಗ ತಂದೆಯ ಬಲಗೈ ಇರಲಿಲ್ಲ. ಪೂರ್ಣ ಮಾಡಲು ಹೊರಟವರು ಕೈಯನ್ನು ಮೇಲಕ್ಕೆ ನೇರವಾಗಿ ಚಾಚಿಸಿದರು. ಲೆಸ್ಸಿಂಗನ ಕಾಲದವರೂ ಅವನ ಅನಂತರದವರೂ ಮೆಚ್ಚಿದುದು ಆ ವೀರಭಂಗಿಯನ್ನು. ಈ ಶತಮಾನಕ್ಕೆ ಹಿಂದಿನ ಶತಮಾನದ ಆದಿಯಲ್ಲಿ ಲೂಡ್ವಿಗ್ ಪೊಲ್ಲಾಕನೆಂಬ ಪ್ರಾಕ್ತನಜ್ಞನು ರೋಮಿನ ಕಲ್ಲುಕುಟಿಗನೊಬ್ಬನ ಅಂಗಳದಲ್ಲಿ ಹಳೆಯ ತೋಳಿನ ತುಂಡೊಂದನ್ನು ಕಂಡು ಗುರುತಿಸಿದನು. ಅದು ಚಾಚಿದ ತೋಳಲ್ಲ. ಮೊಳಕೈ ಮಡಿದು ತಲೆಯ ಹಿಂದಕ್ಕೆ ಬಾಗಿದ ತೋಳು. ೧೯೫೦ರ ದಶಕದ ಕೊನೆಗೆ ಅದನ್ನು ವಿಗ್ರಹಕ್ಕೆ ಜೋಡಿಸಿದರು. ಒಂದು ಕೈ ಮರಳಿದೊಡನೆ ಶಿಲ್ಪದ ಭಾವವೇ ತಿರುಗಿತು. ಎದುರಿಸುವವನು ನೋವಿಗೆ ಕುಗ್ಗಿದವನಾದನು. ೪೫೦ ವರ್ಷಗಳ ಪ್ರಶಂಸೆಯಲ್ಲಿ ಎಷ್ಟು ಭಾಗವು ಮೂಲಶಿಲ್ಪಿಗಳಿಗೆ ಸಲ್ಲಬೇಕು, ಎಷ್ಟು ಭಾಗವು ತೋಳನ್ನು ಅಂಟಿಸಿದವರಿಗೆ ಸಲ್ಲಬೇಕು? ಅಲ್ಲಿ ಮರಳಿದ ಕೈ ಹಿಂದಿನ ವಿಮರ್ಶೆಯನ್ನು ಅಲ್ಲಾಡಿಸಿತು. ಕೈದಾಳದ ಕಥೆಯಲ್ಲಿ, ವಿಮರ್ಶೆಯನ್ನು ಒಪ್ಪಿಕೊಂಡ ಮೇಲೆ ಕೈ ಮರಳಿತು. ಜನಪದದ ಮನಸ್ಸು ಇಲ್ಲಿ ವಿದ್ವಾಂಸರಿಗಿಂತ ಹಿಂದೆ ಬಿದ್ದಿದೆಯೆನ್ನಲು ಕಾರಣವಿಲ್ಲ.

ಈ ಹೋಲಿಕೆಗಳಿಂದ ಕೈದಾಳದ ಕೇಶವನನ್ನು ಗ್ರೀಕ್ ಶಿಲ್ಪದ ಅಳತೆಗೋಲಿನಿಂದ ಅಳೆಯಬೇಕೆಂದು ಅರ್ಥವಲ್ಲ. ೧೮೭೬ರಲ್ಲಿ ಜೇಮ್ಸ್ ಫರ್ಗ್ಯುಸನ್ ಅವರು ಹಳೆಯಬೀಡನ್ನೂ ಅಥೆನ್ಸಿನ ಪಾರ್ಥೆನಾನನ್ನೂ ವಾಸ್ತುಕಲೆಯ ಎರಡು ಧ್ರುವಗಳೆಂದು ಎದುರೆದುರು ಇರಿಸಿದರು. ಆಮೇಲೆ ಬಂದ ಬರೆಹಗಾರರು ಆ ವಿವೇಕವನ್ನು ಬಿಟ್ಟು, ನಮ್ಮದು ಅದಕ್ಕೆ ಸಮವೆಂದೋ ಮಿಗಿಲೆಂದೋ ಹೇಳುವುದರಲ್ಲಿಯೇ ತೃಪ್ತಿಪಟ್ಟರು. ಪಾಲಿಕ್ಲೈಟಸನ ಭಲ್ಲೆಧಾರಿಯು ಒಂದು ಕಾಲಿಗೆ ಭಾರವನ್ನು ಬಿಟ್ಟು ಇನ್ನೊಂದನ್ನು ಸಡಿಲಿಸಿ ನಿಲ್ಲುವನು, ಮರುಕ್ಷಣ ಹೆಜ್ಜೆಯಿಡುವನೆಂಬಂತಿದೆ. ಕೇಶವನು ಸಮಭಂಗದಲ್ಲಿ ನಿಂತವನು, ಎಲ್ಲಿಗೂ ಹೋಗಬೇಕಾದವನಲ್ಲ. ಆ ನಿಶ್ಚಲತೆಯನ್ನು ಜಡತ್ವವೆಂದು ತಿಳಿಯುವುದು ಗರ್ಭಗುಡಿಯ ಅರೆಬೆಳಕಿಗಾಗಿ ಹುಟ್ಟಿದುದನ್ನು ಬಯಲಿನ ಬೆಳಕಿನಲ್ಲಿ ನಿಲ್ಲಿಸಿ ನೋಡಿದಂತೆ. ವಿಗ್ರಹದ ಎತ್ತರ ಸುಮಾರು ೫½ ಅಡಿ, ಕೆಳಗಿನ ಪೀಠ ಸುಮಾರು ೨½ ಅಡಿ. ಮೂರ್ತಿಯು ಮನುಷ್ಯಪ್ರಮಾಣಕ್ಕೆ ಹತ್ತಿರವಾಗಿದ್ದರೂ ನೋಡುವವನು ಕತ್ತೆತ್ತಬೇಕಾಗುತ್ತದೆ. ಸುತ್ತಲಿನ ಪ್ರಭಾವಳಿಯಲ್ಲಿ ದಶಾವತಾರಗಳಿವೆ. ಚಲನೆಯೆಲ್ಲವೂ, ಮೀನು ಆಮೆ ಹಂದಿಗಳ ಸಂಭ್ರಮವೆಲ್ಲವೂ, ಆ ಅಂಚಿಗೆ ಸೇರಿದೆ. ನಡುವೆ ನಿಂತಿರುವುದು ಅವಕ್ಕೆಲ್ಲ ಮೂಲವಾದ ಅಚಲತೆ. ಹೊಯ್ಸಳ ಶಿಲ್ಪವೆಂದರೆ ಅತಿಯಾದ ಅಲಂಕಾರವೆಂದು ದೂರುವವರು ಇಲ್ಲಿ ಅಲಂಕಾರಕ್ಕೆ ಯಾವ ಸ್ಥಾನವನ್ನು ಗೊತ್ತು ಮಾಡಿದೆಯೆಂಬುದನ್ನು ನೋಡಬೇಕು. ಗುಡಿಯ ಕಟ್ಟಡವು ದ್ರಾವಿಡ ರೀತಿಯದು. ಬೇಲೂರಿನ ಹೊರಗೋಡೆಯ ವೈಭವವನ್ನು ನಿರೀಕ್ಷಿಸಿ ಬಂದವರಿಗೆ ನಿರಾಶೆಯಾಗುವುದು ಸಹಜ. ಬಹುಮಂದಿ ಆ ನಿರಾಶೆಯನ್ನು ಕಥೆಯಿಂದ ತುಂಬಿಕೊಂಡು ಹಿಂದಿರುಗುವರು. ಬಂದ ಅಧ್ಯಾಪಕರು ಹುಡುಗರಿಗೆ ಕತ್ತರಿಸಿದ ಕೈಯ ಕಥೆಯನ್ನು ಹೇಳುವರು. ಎದುರಿಗಿರುವ ನಾಲ್ಕು ಕೈಗಳನ್ನು ತೋರಿಸುವುದನ್ನು ಮರೆಯುವರು. ಐತಿಹ್ಯದಿಂದ ಆಗಿರುವ ನಿಜವಾದ ನಷ್ಟವು ಇದು. ಅದು ಚರಿತ್ರೆಯನ್ನು ಕೆಡಿಸಿತೆಂಬುದಕ್ಕಿಂತ ಕಣ್ಣನ್ನು ಕಿವಿಗೆ ಒತ್ತೆಯಿಟ್ಟಿತೆಂಬ ದೂರೇ ಹೆಚ್ಚು ನ್ಯಾಯವಾದುದು.

ಗುಡಿಯಿಂದ ವಸ್ತುಸಂಗ್ರಹಾಲಯಕ್ಕೆ ಹೋದ ಶಿಲ್ಪ ಏನಾಗುವುದೆಂಬುದಕ್ಕೆ ದೂರದ ಲೂವ್ರ್ ಬೇಕಾಗಿಲ್ಲ. ಶಿರಾ ಸೀಮೆಗೆ ಹತ್ತಿರದ ಹೇಮಾವತಿಯಿಂದ ನೊಳಂಬರ ಕಾಲದ ಚೆಲುವಾದ ಶಿಲ್ಪಗಳು ಮದರಾಸಿನ ಸರ್ಕಾರಿ ಸಂಗ್ರಹಾಲಯಕ್ಕೆ ಹೋದವು, ಸಿ. ಶಿವರಾಮಮೂರ್ತಿಯವರು ೧೯೬೪ರಲ್ಲಿ ಅವುಗಳನ್ನು ಕುರಿತು ಪುಸ್ತಕವನ್ನೇ ಬರೆದರು. ಅಲ್ಲಿ ಅವಕ್ಕೆ ಬೆಳಕುಂಟು, ರಕ್ಷಣೆಯುಂಟು, ವಂಶಕಾಲಗಳನ್ನು ತಿಳಿಸುವ ಚೀಟಿಯುಂಟು, ಕಥೆಯಿಲ್ಲ. ಕೈದಾಳದಲ್ಲಿ ಕಥೆಯುಂಟು, ಎಣ್ಣೆಯುಂಟು, ಹೂವುಂಟು, ಚೀಟಿಯಿಲ್ಲ. ಸಂಗ್ರಹಾಲಯದವರು ಕಥೆಯನ್ನು ಕಸವೆಂದು ತೊಳೆದರೆ, ಗುಡಿಯವರು ಚರಿತ್ರೆಯನ್ನು ಅಪಚಾರವೆಂದು ಹೊರಗಿಡುವರು. ಪಕ್ಕದ ಗೂಳೂರಿನಲ್ಲಿ ಪ್ರತಿವರ್ಷವೂ ಕೆರೆಯ ಮಣ್ಣಿನಿಂದ ಭಾರಿ ಗಣಪತಿಯನ್ನು ಮಾಡಿ, ಕಾರ್ತಿಕದಲ್ಲಿ ಪೂಜಿಸಿ, ಮತ್ತೆ ಕೆರೆಗೇ ಬಿಡುವರು. ಅಲ್ಲಿ ರುಜುವಿಗೂ ಚೀಟಿಗೂ ಜಾಗವೇ ಇಲ್ಲ. ಆದರೂ ಆ ಕೈಗೆಲಸ ತಲೆಮಾರುಗಳಿಂದ ತಪ್ಪಿಲ್ಲ.

ಕೈದಾಳದ ಚೆನ್ನಕೇಶವನ ಗುಡಿಯ ಪ್ರವೇಶದ ಕಂಬವೊಂದರಲ್ಲಿ ಪುರುಷವಿಗ್ರಹವೊಂದಿದೆ. ಮೇಲುಹೊದಿಕೆಯು ಯಜ್ಞೋಪವೀತದಂತೆ ಹೆಗಲನ್ನು ಬಳಸಿದೆ. ಸೊಂಟದಲ್ಲಿ ಬಾಕು ಇದೆ. ಊರವರು ಇವನೇ ಜಕಣಾಚಾರಿಯೆನ್ನುವರು. ಕಟ್ಟಿಸಿದ ಬಾಚಿಯೇ ಇರಬೇಕೆಂದು ವಿದ್ವಾಂಸರ ಅಭಿಪ್ರಾಯ. ಶಿಲ್ಪಿಯಾಗಿದ್ದರೆ ಉಳಿಯೋ ಮಾನದಂಡವೋ ಇರಬೇಕಾಗಿತ್ತು, ಬಾಕು ಒಡೆಯನ ಲಕ್ಷಣ. ವಿದ್ವಾಂಸರ ಮಾತೇ ಸರಿಯೆಂದು ತೋರುತ್ತದೆ. ಆದರೆ ಊರವರ ಮಾತಿನಲ್ಲಿ ಒಂದು ಹಟವಿದೆ. ಕಟ್ಟಿಸಿದವನ ಪ್ರತಿಮೆಯನ್ನು ಕಡೆದವನಿಗೆ ಕೊಟ್ಟುಬಿಟ್ಟಿರುವರು. ೧೧೫೦ರ ಶಾಸನವು ಹೇಳದೆ ಬಿಟ್ಟ ಹೆಸರನ್ನು ಆ ಕಂಬದ ಮೇಲೆ ತಾವೇ ಬರೆದಿರುವರು. ಕಂಬದ ಆ ಪುರುಷನು ಗರ್ಭಗುಡಿಯ ದೇವರಿಗೆ ಕೈಗಳೆರಡನ್ನೂ ಮುಗಿದು ನಿಂತಿರುವನು.